ಒಂದು ಮಾತಿಗೆ ಒಂದು ಮೋಟಾರು

ಮೋಟಾರಿನ ವಿಷಯದಲ್ಲಿ ನನಗೆ ಏನೇನೂ ತಿಳಿಯದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಮನೆತನದಲ್ಲಿ ಮೋಟಾರಿನ ವಿಷಯಕ್ಕೆ ನಾನೇ ಪಂಡಿತ. ಬೀದರಿನ ಕಚೇರಿಯಲ್ಲಿ ಪೇಶಕಾರ, ಅಂದರೆ ಗುಮಾಸ್ತನಾದ ನಾನು ಒಮ್ಮೆ ನಮ್ಮ ದೊಡ್ಡ ಸಾಹೇಬರ ಮೋಟಾರಿನಲ್ಲಿ, ಕಾಗದಪತ್ರಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಭಾಲ್ಕಿಯವರೆಗೆ ಹೋಗಿದ್ದೆ. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ಇದ್ದೆ. ನಾನು ದೇವರ ಧ್ಯಾನ ಮಾಡುತ್ತಿದ್ದೇನೆಂದು ಸಾಹೇಬರು ಮೆಚ್ಚಿಕೊಂಡರು, ಅದೇನೂ ಸುಳ್ಳಲ್ಲ. ಭಾಲ್ಕಿಯಲ್ಲಿ ನಮ್ಮ ಅಣ್ಣನ ಅಂಗಡಿಯ ಮುಂದೆಯೇ ಇಳಿದೆ. ಓಣಿಗೆ ಓಣಿಯೇ ನೋಡಿತು. ಅಂದಿನಿಂದ ಮೋಟಾರೆಂದರೆ ನನ್ನನ್ನು ಕೇಳಬೇಕು ಎಂದು ಮನೆಯಲ್ಲಿ ಕಾಯಿದೆಯಾಯಿತು. ಒಮ್ಮೆ ನೀರಿಗೆ ಬಿದ್ದು ಬದುಕಿದವನನ್ನು ಹಿಡಿದು ಅಂಬಿಗನನ್ನಾಗಿ ಮಾಡಿದ ಹಾಗೆ.

ಅಣ್ಣ ವೀರಭದ್ರಪ್ಪ ಭಾಲ್ಕಿಯಲ್ಲಿ ತೊಗರಿ, ಕಡಲೆ, ಜೋಳದ ವ್ಯಾಪಾರಿ. ಒಳ್ಳೆಯ ಮನುಷ್ಯ, ಕೈ ದೊಡ್ಡದು. ಆದರೆ ಯಾವ ನಿರ್ಧಾರವನ್ನೂ ಒಂದು ಕೂಟದಲ್ಲಿ ಮುಗಿಸಿದವನಲ್ಲ. ಹಳೆಯ ಕೊಡಲಿಗೆ ಹೊಸ ಕಾವು ಹಾಕಿಸಬೇಕಾದರೂ ಒಂದು ಪಕ್ಷ ಯೋಚಿಸುತ್ತಾನೆ. ನಮ್ಮ ಕಚೇರಿಯಲ್ಲಿ ಕಾಗದವೊಂದು ಈ ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಒಂದು ಮಳೆಗಾಲ ಬೇಕೆಂದು ಜನ ಬಯ್ಯುತ್ತಾರೆ. ಅವರು ನಮ್ಮ ಅಣ್ಣನ ಪಡಸಾಲೆಯನ್ನು ನೋಡಿಲ್ಲ.

ಅವನಿಗೆ ಒಬ್ಬನೇ ಮಗ, ಶರಣಪ್ಪ. ಇಪ್ಪತ್ತೆರಡರ ಹರೆಯ, ಮದುವೆಯಾಗಿ ಎರಡು ವರ್ಷ. ಆ ವರ್ಷ ತಾನೇ ತೊಗರಿ ಹಿಡಿದು, ತಾನೇ ಮಾರಿ, ಗೆದ್ದಿದ್ದ. ಆ ದುಡ್ಡಿನಲ್ಲಿ ಹೈದರಾಬಾದಿನಿಂದ ಹೊಸ ಮೋಟಾರು ತರುತ್ತೇನೆಂದು ಒಂದು ದಿನ ಊಟಕ್ಕೆ ಕೂತಾಗ ಹೇಳಿದನಂತೆ. ಅಣ್ಣ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಕಾಕಾಗ ಕರಿ" ಎಂದನಂತೆ. ಆ ಕಾಕಾ ನಾನು. ಆಗ ನವಾಬರ ಆಳ್ವಿಕೆ, ಕಚೇರಿಗೆ ರಜೆ ಶುಕ್ರವಾರ. ಆ ವರ್ಷದ ನನ್ನ ಶುಕ್ರವಾರಗಳೆಲ್ಲ ಈ ಮೋಟಾರಿನ ಹೊಟ್ಟೆಗೆ ಹೋದವು.

ಮೊದಲ ಶುಕ್ರವಾರವೇ ಶರಣಪ್ಪ ನನ್ನನ್ನು ಹಿತ್ತಲಿನ ಬಣವೆಯ ಹಿಂದಕ್ಕೆ ಕರೆದುಕೊಂಡು ಹೋದ.

"ಕಾಕಾ, ವ್ಯಾಪಾರಕ್ಕ ಬೇಕಂತ ಅಪ್ಪಾಗ ಹೇಳೀನ್ರಿ. ಖರೆ ಅಂದ್ರ ವ್ಯಾಪಾರಕ್ಕಲ್ರಿ."

"ಮತ್ಯಾತಕ್ಕೋ?"

ಅವನು ಬಣವೆಯಿಂದ ಒಂದು ಜೋಳದ ಕಣಿಕೆ ಎಳೆದು ಮುರಿದ. ಕಿವಿ ಕೆಂಪಾಗಿತ್ತು. "ಎಕಂಬಾಕ್ಕ ಹೋಗಬೇಕಾಗ್ಯದ್ರಿ" ಎಂದ.

ಎಕಂಬಾ ಎಂದರೆ ಔರಾದಿನ ಆಚೆಗಿನ ಹಳ್ಳಿ, ಅವನ ಹೆಂಡತಿ ಮಹಾದೇವಿಯ ತವರು. ಅವಳಿಗೆ ತಂದೆಯಿಲ್ಲ, ಅಣ್ಣತಮ್ಮಂದಿರಿಲ್ಲ. ಇರುವವಳು ತಾಯಿ ಒಬ್ಬಳೇ. ಆ ತಾಯಿಯ ಕಣ್ಣಿಗೆ ಪೊರೆ ಬಂದು ದಿನದಿನಕ್ಕೆ ಮಬ್ಬಾಗುತ್ತಿತ್ತು. ಪೂರಾ ಕತ್ತಲಾಗುವುದರೊಳಗೆ ಮಗಳ ಮುಖವನ್ನೊಮ್ಮೆ ನೋಡಬೇಕೆಂದು ಆಕೆ ಸಂತೆಗೆ ಬರುವವರ ಕೈಯಲ್ಲಿ ಹೇಳಿ ಕಳಿಸಿದ್ದಳು.

ಹೋಗಿ ಬಂದರಾಯಿತಲ್ಲ ಎನ್ನುತ್ತೀರಿ. ಹಾಗೆನ್ನುವುದಾದರೆ ನೀವು ನಮ್ಮ ಕಡೆಯವರಲ್ಲ. ನಮ್ಮಲ್ಲಿ ಸೊಸೆ ತವರಿಗೆ ಹೋಗಬೇಕಾದರೆ ತವರಿನವರು ಯಾರಾದರೂ ಕರೆಯಲು ಬರಬೇಕು. ಪಂಚಮಿಗೆ ಅಣ್ಣ ಬರುತ್ತಾನೆ, ದೀಪಾವಳಿಗೆ ತಮ್ಮ ಬರುತ್ತಾನೆ. ಕರೆಯದೆ ಕಳಿಸಿದರೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದರೆಂದು ಊರು ಆಡಿಕೊಳ್ಳುತ್ತದೆ. ಕರೆಯಲು ಯಾರೂ ಇಲ್ಲದವಳು ಏನು ಮಾಡಬೇಕೆಂದು ಈ ಪದ್ಧತಿ ಹಾಕಿದ ಹಿರಿಯರು ಯೋಚಿಸಲಿಲ್ಲ. ಅವರಿಗೆಲ್ಲ ಮನೆತುಂಬ ಅಣ್ಣತಮ್ಮಂದಿರಿದ್ದಿರಬೇಕು. ಹೀಗಾಗಿ ಮದುವೆಯಾದಂದಿನಿಂದ ಮಹಾದೇವಿ ಭಾಲ್ಕಿ ಬಿಟ್ಟು ಕದಲಿರಲಿಲ್ಲ.

"ಅಪ್ಪಗ ಇದನ್ನ ಹೇಳಿಬಿಡಬಾರದೇನೋ?" ಎಂದೆ.

"ಅಪ್ಪಾನ ಮುಂದ ಅಕಿ ಮಾತು ಹ್ಯಾಂಗ ತೆಗೀಲ್ರಿ ಕಾಕಾ?" ಎಂದು ಅವನು ಗಾಬರಿಯಾದ.

ಅದೂ ನಿಜವೇ. ಹಿರಿಯರ ಮುಂದೆ ಹರೆಯದ ಗಂಡಸು ಹೆಂಡತಿಯ ಮಾತೆತ್ತುವುದು ನಮ್ಮಲ್ಲಿ ದೊಡ್ಡ ನಾಚಿಕೆಗೇಡು. ಹೆಸರಂತೂ ಬಾಯಲ್ಲಿ ಬರಲೇಬಾರದು. ಅವಳಿಗೆ ಜ್ವರ ಬಂದರೆ "ಒಳಗ ಆರಾಮಿಲ್ಲ" ಎನ್ನಬೇಕು. ಕೇಳಿದವರು ಜ್ವರ ಯಾರಿಗೆ, ಸೊಸೆಗೋ ಎಮ್ಮೆಗೋ ಎಂದು ತಾವೇ ಊಹಿಸಿಕೊಳ್ಳಬೇಕು. ಹಾಗಿರುವಾಗ ಹೆಂಡತಿಯ ತಾಯಿಯ ಕಣ್ಣಿನ ಮಾತನ್ನು ಯಾವ ಬಾಯಿಂದ ಎತ್ತುವುದು? ಅದಕ್ಕೇ ಅವನು ಹಂಚಿಕೆ ಹಾಕಿದ್ದ. ಮೋಟಾರು ತರುವುದು. ಔರಾದ ಕಡೆ ಕಡಲೆ ನೋಡಿಬರುತ್ತೇನೆ ಎನ್ನುವುದು. ಹೊಸ ಮೋಟಾರು, ಮನೆಯವರೆಲ್ಲ ಬನ್ನಿ, ತಿರುಗಾಡಿದಂತಾಗುತ್ತದೆ ಎನ್ನುವುದು. ಆಮೇಲೆ ದಾರಿಯಲ್ಲಿ ಎಕಂಬಾ ತಾನಾಗಿಯೇ ಬರುತ್ತದೆ. ಅಂದರೆ ಆಡಬೇಕಾದ ಒಂದು ಮಾತನ್ನು ಆಡದೆ ಇರುವುದಕ್ಕಾಗಿ ಈ ಮಹಾರಾಯ ಇಡೀ ಒಂದು ಮೋಟಾರನ್ನೇ ಕೊಳ್ಳಲು ಹೊರಟಿದ್ದ. "ನೀವೂ ಹೇಳಬ್ಯಾಡ್ರಿ, ನನ್ನ ಆಣಿ ಅದ" ಎಂದು ನನ್ನ ಬಾಯಿಗೂ ಬೀಗ ಹಾಕಿದ.

ಪಡಸಾಲೆಯಲ್ಲಿ ಚರ್ಚೆ ಶುರುವಾಯಿತು. ಎರೆಮಣ್ಣಿನಲ್ಲಿ ಗಾಲಿ ಹುಗಿದರೆ ಎಳೆಯುವುದಕ್ಕೆ ಮತ್ತೆ ಎತ್ತೇ ಬೇಕಲ್ಲ ಎಂದ ಅಣ್ಣ. ಬೇಸಿಗೆಯಲ್ಲಿ ಹುಗಿಯುವುದಿಲ್ಲ ಎಂದೆ. ಮಾಂಜ್ರಾ ಹೊಳೆಗೆ ಏನು ಮಾಡುವುದೆಂದ. ಬೇಸಿಗೆಯಲ್ಲಿ ಹೊಳೆಯೂ ಇರುವುದಿಲ್ಲ ಎಂದೆ. "ಎತ್ತಿಗಿ ಕಣಿಕಿ ಹಾಕಿದ್ರ ಹೆಂಡಿಯರೆ ಹಾಕ್ತದ, ಗೊಬ್ಬರ ಆಗ್ತದ. ಇದಕ್ಕ ಎಣ್ಣಿ ಹಾಕಿದ್ರ ಏನ ಬರ್ತದ?" ಎಂದು ಕೇಳಿದ. ಹೊಗೆ ಬರುತ್ತದೆ ಎಂದೆ. ಪಂಡಿತನಾದ ಮೇಲೆ ಉತ್ತರ ಕೊಡಲೇಬೇಕು. ಹೀಗೆ ಒಂದೊಂದೇ ತೊಡಕು ಬಿಡಿಸುತ್ತ, ಇನ್ನೇನು ದಡ ಮುಟ್ಟಿದೆವು ಎನ್ನುವಾಗ ಅಣ್ಣ ಗೋಡೆಗೊರಗಿ, "ಅದೆಲ್ಲಾ ಇರ್ಲಿ. ಯಾರು ಎಲ್ಲಿ ಕೂಡ್ತಾರ?" ಎಂದ.

ನಮ್ಮ ಸವಾರಿ ಗಾಡಿಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಮುಂದೆ ಗಂಡಸರು. ನಡುವೆ ಪರದೆ. ಹಿಂದೆ ಹೆಂಗಸರು, ಹಿಂದಕ್ಕೆ ಮುಖ ಮಾಡಿಕೊಂಡು. ಮಾವ ಹೋಗುವ ಊರನ್ನು ನೋಡುತ್ತಾನೆ, ಸೊಸೆ ಬಿಟ್ಟುಬಂದ ಊರನ್ನು ನೋಡುತ್ತಾಳೆ, ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಮೋಟಾರು ಮಾಡಿದ ದೊರೆಗಳಿಗೆ ಮಾವ ಸೊಸೆ ಎಂಬ ಸಂಬಂಧವೇ ಗೊತ್ತಿದ್ದಂತಿಲ್ಲ. ಎಲ್ಲರ ಮುಖವೂ ಒಂದೇ ಕಡೆಗೆ. ಅದರಲ್ಲೂ ಹಿಂದಿನ ಗಾದಿ ಸಾಹೇಬರದು, ಮುಂದಿನದು ಚಾಕರರದು. ಇದನ್ನು ನಾನೇ ಹಿಂದೊಮ್ಮೆ ಜಂಬದಿಂದ ವರ್ಣಿಸಿ ಹೇಳಿದ್ದೆ.

"ನಾ ಹಿಂದ ಕೂತ್ರ ಸೊಸಿ ಮುಂದ ಕೂಡ್ಬೇಕು. ಮಾವಗ ಬೆನ್ನ ಮಾಡಿ, ಗಂಡನ ಬಾಜೂಕ, ಊರೆಲ್ಲಾ ನೋಡೂ ಹಂಗ! ಅಕಿ ಹಿಂದ ಕೂತ್ರ ನಾ ಮುಂದ. ಅಕಿ ರಾಣಿ ಆದಳು, ನಾ ಅಕಿ ಗಾಡಿ ಹೊಡ್ಯಾಂವ ಆದೆ" ಎಂದ ಅಣ್ಣ.

"ಹಂಗಾರ ನೀವು ಮನ್ಯಾಗೇ ಕೂಡ್ರಿ. ಎಲ್ಲಾರಿಗೂ ಜಾಗಾ ಆಗ್ತದ" ಎಂದು ಒಳಗಿನಿಂದ ಅತ್ತಿಗೆ ಅಂದಳು. ಈ ಸಲಹೆಯನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಡೀ ಚರ್ಚೆಯಲ್ಲಿ ಬುದ್ಧಿಯ ಮಾತು ಅದೊಂದೇ ಆಗಿತ್ತು.

ನಾನು ಪುರಾಣಕ್ಕೆ ಕೈಹಾಕಿದೆ. ವಾಹನದ ವಿಷಯದಲ್ಲಿ ನಮ್ಮ ದೇವರುಗಳಷ್ಟು ಧಾರಾಳಿಗಳು ಯಾರಿದ್ದಾರೆ? ಅಷ್ಟು ದೊಡ್ಡ ಹೊಟ್ಟೆಯ ಗಣಪತಿ ಇಲಿಯನ್ನು ಆರಿಸಿಕೊಂಡ. ಭಾರ ತಾಳುತ್ತದೆಯೇ ಎಂದು ಕೈಲಾಸದಲ್ಲಿ ಯಾರೂ ಪಂಚಾಯಿತಿ ಕೂಡಿಸಲಿಲ್ಲ. ಪಡಸಾಲೆಯ ಗೋಡೆಯ ಪಟದಲ್ಲಿ ನಂದಿಯ ಮೇಲೆ ಶಿವ ಪಾರ್ವತಿ ಕೂತದ್ದನ್ನು ಅಣ್ಣನಿಗೆ ತೋರಿಸಿದೆ. "ನೋಡಣ್ಣಾ, ಇಬ್ಬರೂ ಒಂದೇ ಗಾದಿ ಮ್ಯಾಲ, ಮೂರು ಲೋಕದ ಮುಂದ. ಏನಾಯ್ತು?"

ಅಣ್ಣ ಪಟವನ್ನು ಬಹಳ ಹೊತ್ತು ನೋಡಿದ. ಭಕ್ತಿಯಿಂದ ಕೈಮುಗಿದ. ಆಮೇಲೆ, "ಶಿವಗ ಅಪ್ಪ ಇದ್ದಾನೇನೋ?" ಎಂದು ಕೇಳಿದ.

ನಾನು ನನ್ನ ರುಮಾಲು ಸುತ್ತಿಕೊಂಡು ಬೀದರಿಗೆ ಹೊರಟೆ.

ಚಳಿ ಹೋಗಿ ಬಿಸಿಲು ಬಂತು. ಪ್ರತಿ ಶುಕ್ರವಾರ ನಾನು ಹೋಗುವುದು, ಅಣ್ಣ ಅದೇ ಪ್ರಶ್ನೆ ಹಾಕುವುದು, ಬರುವಾಗ ಶರಣಪ್ಪ ಬಣವೆಯ ಹಿಂದೆ ನಿಂತು ದೈನ್ಯದಿಂದ ನೋಡುವುದು. ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಒಂದು ಕಡೆ ಕಣ್ಣು ಆರುತ್ತಿರುವ ಮುದುಕಿ, ಇನ್ನೊಂದು ಕಡೆ ಗಾದಿಯ ಮೇಲಿನ ಮರ್ಯಾದೆ, ನಡುವೆ ಆಣೆ ಹೊತ್ತ ನಾನು. ಕೊನೆಗೆ ಅಣ್ಣನೇ ಒಂದು ಉಪಾಯ ಹುಡುಕಿದ. ಅಂಗಳದಲ್ಲಿ ಹಗ್ಗದ ಮಂಚದ ಎರಡು ಹೊರಸುಗಳನ್ನು ಒಂದರ ಹಿಂದೊಂದು ಹಾಕಿಸಿ, ಇದೇ ಮೋಟಾರು ಎಂದ. ಶರಣಪ್ಪ ಮುಂದಿನ ಹೊರಸಿನಲ್ಲಿ ಕೂತು ಗಾಳಿಯನ್ನು ಹಿಡಿದು ತಿರುಗಿಸಬೇಕು. ನಾನು ಅವನ ಪಕ್ಕ. ಅಣ್ಣ ಹಿಂದೆ. ಸೊಸೆಯನ್ನು ಅಂಗಳಕ್ಕೆ ಕರೆಯುವಂತಿರಲಿಲ್ಲವಾದ್ದರಿಂದ ಅವಳ ಬದಲು ಒಂದು ತೊಗರಿಯ ಚೀಲವನ್ನು ತಂದಿಟ್ಟರು. ಚೀಲವನ್ನು ಹಿಂದಿಟ್ಟು ಅಣ್ಣ ಮುಂದೆ ಬಂದು ನೋಡಿದ; ಚೀಲವನ್ನು ಮುಂದಿಟ್ಟು ತಾನು ಹಿಂದೆ ಹೋಗಿ ನೋಡಿದ. ನಡುವೆ ಒಂದು ಧೋತರ ಕಟ್ಟಿಸಿದ. ನೆರೆಯವರು ಮಾಳಿಗೆ ಹತ್ತಿ ನೋಡತೊಡಗಿದರು. ಬೀದರಿನ ಕಚೇರಿಯಲ್ಲಿ ನಾಲ್ಕು ಜನ ಸಲಾಮು ಮಾಡುವ ನಾನು, ಸುಡುಬಿಸಿಲಿನಲ್ಲಿ, ಎಲ್ಲಿಗೂ ಹೋಗದ ಹೊರಸಿನ ಮೇಲೆ, ತೊಗರಿ ಚೀಲಕ್ಕೆ ಜಾಗ ಬಿಟ್ಟು ಸರಿದು ಕೂತಿದ್ದೆ.

ಆಗ ಬಾಗಿಲ ಮರೆಯಿಂದ ಒಂದು ದನಿ ಬಂತು.

"ಮಾವಾರ."

ಮಹಾದೇವಿ ಮಾವನ ಎದುರು ಮಾತಾಡಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

"ನಾ ಎಲ್ಲಿ ಕೂಡ್ಬೇಕಂತ ಇಷ್ಟ ತ್ರಾಸ ಮಾಡ್ಕೋಬ್ಯಾಡ್ರಿ. ನನಗ ಮೋಟಾರ ಬ್ಯಾಡ್ರಿ. ಗಾಡ್ಯಾಗ ಚೀಲದ ಮ್ಯಾಲ ಕೂಡಂದ್ರೂ ಕೂಡ್ತೇನಿ. ನಮ್ಮವ್ವಂದು ಒಂದು ಕಣ್ಣು ಪೂರಾ ಹೋಗ್ಯದಂತ್ರಿ. ಇನ್ನೊಂದು ಇರೂದ್ರಾಗ ನನಗ ಒಮ್ಮಿ ಕಳಸ್ರಿ. ಕರೀಲಿಕ್ಕ ಬರಾಕ ನಮ್ಮ ಮನ್ಯಾಗ ಯಾರೂ ಇಲ್ರಿ."

ಅಣ್ಣ ಎದ್ದು ನಿಂತ. ಮಗನ ಮುಖ ನೋಡಿದ. ನನ್ನ ಮುಖ ನೋಡಿದ. ನಾವಿಬ್ಬರೂ ನೆಲ ನೋಡಿದೆವು.

"ನಿಮಗ ಗೊತ್ತಿತ್ತು. ಇಷ್ಟ ದಿನ ಬಾಯಾಗ ಏನ ಇಟ್ಕೊಂಡಿದ್ರಿ?" ಎಂದ. ಆಮೇಲೆ ಬಾಗಿಲ ಕಡೆಗೆ ನೋಡದೆಯೇ ಹೇಳಿದ: "ಕರೀಲಿಕ್ಕ ಯಾರೂ ಇಲ್ಲಂದ್ರ ಕಳಸ್ಲಿಕ್ಕ ನಾ ಬರ್ತೇನಿ, ನಿಮ್ಮತ್ತಿ ಬರ್ತಾಳ. ಗಾಡಿ ಕಟ್ರಿ."

ಒಂದು ಕೂಟದಲ್ಲಿ, ಒಂದೇ ಉಸಿರಿನಲ್ಲಿ, ಅಣ್ಣ ತೆಗೆದುಕೊಂಡ ಮೊದಲ ನಿರ್ಧಾರ ಅದು. ಇಷ್ಟು ತಿಂಗಳು ಎತ್ತುಗಳು ಹಿತ್ತಲಲ್ಲಿ ಮೆಲುಕು ಹಾಕುತ್ತ ನಿಂತೇ ಇದ್ದವು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಮುದುಕಿಗೆ ಒಂದು ಕಣ್ಣು ಇನ್ನೂ ಇತ್ತು. ಮಗಳನ್ನು ಹೊಸ್ತಿಲಾಚೆ ಬಿಸಿಲಿಗೆ ಎಳೆದುಕೊಂಡು ಬಂದು, ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳಂತೆ. ಬಹಳ ಹೊತ್ತು ನೋಡಿ, "ಎಷ್ಟ ಸೊರಗೀದಿ! ಹೊಟ್ಟಿಗಿ ಹಾಕೂದಿಲ್ಲೇನು ಅವರು?" ಎಂದಳಂತೆ. ಅತ್ತಿಗೆ ಪಕ್ಕದಲ್ಲೇ ನಿಂತಿದ್ದಳು. ಸೊಸೆಯನ್ನು ತಾಯಿಯ ಹತ್ತಿರ ಬಿಟ್ಟು ಬರುವಾಗ, ಎಕಂಬಾದಿಂದ ಭಾಲ್ಕಿಯವರೆಗೆ ದಾರಿಯುದ್ದಕ್ಕೂ ಅತ್ತಿಗೆ ಅದೊಂದೇ ಮಾತು ಆಡಿದಳೆಂದು ಅಣ್ಣ ಹೇಳಿದ. ಬೈಯುವಷ್ಟು ಕಣ್ಣು ಕಾಣುತ್ತದೆಂದರೆ ಚಿಂತೆಯಿಲ್ಲ ಎಂದು ನಾನು ಅತ್ತಿಗೆಗೆ ಸಮಾಧಾನ ಹೇಳಿ, ಎರಡು ಮಾತು ಹೆಚ್ಚಾಗಿ ಬೈಸಿಕೊಂಡೆ.

ಮೋಟಾರಿನ ಕಾಟ ತಪ್ಪಿತೆಂದು ಉಸಿರು ಬಿಟ್ಟೆ. ಬಿಟ್ಟ ಉಸಿರನ್ನು ಎಳೆದುಕೊಳ್ಳುವಷ್ಟರಲ್ಲಿ ಭಾಲ್ಕಿಯಿಂದ ಮತ್ತೆ ಕರೆ ಬಂತು. ಶರಣಪ್ಪ ಪುನಃ ಮೋಟಾರಿನ ಮಾತು ತೆಗೆದಿದ್ದ.

"ಹೋಗೂದು ಆಯ್ತಲ್ಲ. ಈಗ್ಯಾಕ ಮೋಟಾರ?" ಎಂದ ಅಣ್ಣ.

"ವ್ಯಾಪಾರಕ್ಕ್ರಿ."

"ವ್ಯಾಪಾರ ಎತ್ತಿನ ಮ್ಯಾಲ ಛಲೋ ನಡದದ."

"ಕಾಲ ಬದಲಾಗ್ಲತ್ತದ್ರಿ ಅಪ್ಪಾ."

"ಬದಲಾಗ್ಲಿ. ನಮ್ಮ ಓಣಿ ತನಕ ಬರ್ಲಿ. ಆಮ್ಯಾಲ ನೋಡಮ."

ಶರಣಪ್ಪ ನನ್ನ ಕಡೆ ನೋಡಿದ. ಪಾಂಡಿತ್ಯದಿಂದ ನಾನು ಅಂದೇ ನಿವೃತ್ತನಾಗಿದ್ದೆ, ಜಂತಿ ಎಣಿಸತೊಡಗಿದೆ. ಅವನು ಸ್ವಲ್ಪ ಹೊತ್ತು ಹೆಬ್ಬೆರಳಿನಿಂದ ನೆಲ ಕೆರೆದ. ಕಿವಿ ಕೆಂಪಾದವು, ಕುತ್ತಿಗೆಯೂ ಕೆಂಪಾಯಿತು. ನಂತರ ತಲೆ ಎತ್ತಿ, ಸಂತೆಯಲ್ಲಿ ಕೂಗುವವರ ಹಾಗೆ ಗಟ್ಟಿಯಾಗಿ ಹೇಳಿಬಿಟ್ಟ:

"ಮಹಾದೇವಿಗಿ ಕರ್ಕೊಂಡು ಬರ್ಬೇಕ್ರಿ. ನಾನೇ ಹೋಗಿ ಕರ್ಕೊಂಡು ಬರ್ತೇನಿ. ಗಾಡ್ಯಾಗ ಲಗೂ ಮುಟ್ಟೂದಿಲ್ರಿ. ಮನಿ ಬಣಬಣ ಅನ್ಲತ್ತದ್ರಿ."

ಹೊಸ ಮೋಟಾರು ಕೊಳ್ಳಲು ನಾನು ಆ ವರ್ಷವಿಡೀ ಕೇಳಿದ ಮತ್ತು ಕೊಟ್ಟ ಕಾರಣಗಳಲ್ಲಿ ಸರಿಯಾದ ಕಾರಣವೆಂದರೆ ಇದೊಂದೇ. ಅಣ್ಣನಿಗೂ ಹಾಗೇ ಅನ್ನಿಸಿರಬೇಕು. ಅವನು ಸಿಟ್ಟಾಗಲಿಲ್ಲ. "ತಗೋ" ಎಂದ, ಅಷ್ಟೇ. ಹುಡುಗ ಎದ್ದು ಓಡಿಯೇ ಹೋದ.

ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಒಳಗೆ ಅತ್ತಿಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ಯಾವಾಗಲೋ ನಿಂತುಹೋಗಿತ್ತು. ಅಣ್ಣ ಎಲೆಗೆ ಸುಣ್ಣ ಹಚ್ಚಿದವನು ಅದನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡು, ಅತ್ತಿಗೆಯಿದ್ದ ಕಡೆಗೆ ನೋಡಿ ಹೇಳಿದ: "ಇಕಿ ತವರಿಗಿ ಹೋದಾಗ ಒಮ್ಮ್ಯಾದರೂ ನಾ ಕರ್ಕೊಂಡು ಬರ್ಲಿಕ್ಕ ಹೋಗ್ಲಿಲ್ಲ ನೋಡೋ ತಮ್ಮಾ. ಎಲ್ಲಾ ಸಲ ನಿನಗೇ ಕಳಸ್ದೆ."

"ಇಷ್ಟ ವರ್ಷಕ್ಕ ನೆನಪಾಯ್ತು" ಎಂದು ಒಳಗಿನಿಂದ ಉತ್ತರ ಬಂತು. "ಇರ್ಲಿ ಬಿಡ್ರಿ. ರೊಟ್ಟಿ ಆರ್ಲತ್ತಾವ, ಉಣ್ಣಾಕ ಬರ್ರಿ."

ಊಟಕ್ಕೆ ಎಂದೂ ಮೂರು ಸಲ ಕೂಗಿಸಿಕೊಳ್ಳದೆ ಏಳದ ಅಣ್ಣ, ಎಲೆಯನ್ನು ಅಲ್ಲೇ ಬಿಟ್ಟು, ಎದ್ದು ಒಳಗೆ ಹೋದ.