ಮಣಿಕಟ್ಟಿನ ಮೇಲೆ ಒಂದು ಹನಿ

ಯಾರಿಗೇ ಚಾ ಕೊಡಲಿ, ಗಂಜಿ ಬಡಿಸಲಿ, ಹಫ್ಸ ಮೊದಲು ಅದರ ಒಂದು ಹನಿಯನ್ನು ತನ್ನ ಎಡಗೈ ಮಣಿಕಟ್ಟಿನ ಒಳಬದಿಗೆ ಬಿಟ್ಟು ನೋಡುತ್ತಾಳೆ. ಬಿಸ್ಮಿಲ್ಲಾ ಹೇಳಿ ಒಲೆ ಹಚ್ಚುವುದು ಹೇಗೆ ತಪ್ಪುವುದಿಲ್ಲವೋ ಇದೂ ಹಾಗೆಯೇ. ಜ್ವರ ಬಂದ ದಿನವೂ ತಪ್ಪಿಲ್ಲ, ತಾನು ಉಪವಾಸವಿದ್ದು ಉಪವಾಸವಿಲ್ಲದ ಮಕ್ಕಳಿಗೆ ಚಾ ಮಾಡಿಕೊಡುವ ರಂಜಾನ್ ತಿಂಗಳಲ್ಲೂ ತಪ್ಪಿಲ್ಲ. ಮೆಲ್ಕಾರಿನ ಆ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹೊಸದಾಗಿ ಬಂದವರು ಎರಡು ದಿನ ನೋಡುತ್ತಾರೆ, ಮೂರನೆಯ ದಿನ ಕೇಳಿಯೇ ಬಿಡುತ್ತಾರೆ.

"ಹಫ್ಸಕ್ಕ, ನಾವೇನು ತೊಟ್ಟಿಲ ಮಕ್ಕಳಾ?"

"ಅಭ್ಯಾಸ" ಎಂದಷ್ಟೇ ಹೇಳಿ ಅವಳು ಲೋಟ ಮುಂದೆ ತಳ್ಳುತ್ತಾಳೆ.

ನಾಳೆ ಮನಶ್ಶಾಸ್ತ್ರದ ಪರೀಕ್ಷೆ. ಹಫ್ಸ ಸಂಜೆಯ ಅಸರ್ ನಮಾಜು ಮುಗಿಸಿ ಬರುವಷ್ಟರಲ್ಲಿ ಅಡುಗೆಮನೆಯ ಉದ್ದ ಮೇಜಿನ ಮೇಲೆ ಶಬ್ನಾ ಮತ್ತು ವಿಸ್ಮಿತಾ ಪುಸ್ತಕ ಹರಡಿ ಕೂತಿದ್ದರು. ಮೇಲಿನ ಕೋಣೆಗಳಲ್ಲಿ ಎಲ್ಲರೂ ಗಟ್ಟಿಯಾಗಿ ಓದುವುದರಿಂದ ತಲೆಗೆ ಹೋಗುವುದಿಲ್ಲವಂತೆ. ಇಲ್ಲಾದರೆ ಪ್ರಶ್ನೆ ಕೇಳಲಿಕ್ಕೆ ಹಫ್ಸಕ್ಕ ಉಂಟು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಸಾಮಾನು ಕಟ್ಟಿ ಬರುತ್ತಿದ್ದ ಪೇಪರಿನ ತುಂಡುಗಳಲ್ಲಿ ಓದು ಕಲಿತವಳು. ನೋಟ್ಸನ್ನು ಒಂದೊಂದೇ ಅಕ್ಷರ ಹಿಡಿದು ಓದುತ್ತಾಳೆ, ಉತ್ತರವನ್ನು ಪೂರ್ತಿ ಕೇಳುತ್ತಾಳೆ, ನಡುವೆ ಬಾಯಿ ಹಾಕುವುದಿಲ್ಲ.

ಮಂಡಿ ನೋಯುತ್ತಿತ್ತು. ನಲವತ್ತು ಮಂದಿಯ ರಾತ್ರಿಯ ಅನ್ನಕ್ಕೆ ನೀರು ಇಟ್ಟು, ಸ್ಟೂಲಿನ ಮೇಲೆ ಕೂತು, ಕನ್ನಡಕ ಏರಿಸಿದಳು.

"ಅಲ್ಪಾವಧಿ ಸ್ಮೃತಿ ಎಂದರೇನು?"

"ಏಳು ಸಂಗತಿ, ಅರ್ಧ ನಿಮಿಷ!" ಎಂದಳು ವಿಸ್ಮಿತಾ. ಬೆಳ್ತಂಗಡಿಯ ಆಚೆಯ ಗುಡ್ಡದ ಹುಡುಗಿ, ಬಾಯಿಗೆ ಬಿಡುವಿಲ್ಲ. "ನನ್ನ ಅಪ್ಪನಿಗೆ ಹಾಲಿಗೆಂದು ಕೊಯ್ದ ಮುನ್ನೂರು ರಬ್ಬರ್ ಮರದ ಗಾಯ ಒಂದೊಂದೂ ನೆನಪುಂಟು. ನಾನು ಯಾವ ಕ್ಲಾಸು ಅಂತ ಮಾತ್ರ ಇವತ್ತಿಗೂ ಅಮ್ಮನ ಹತ್ರ ಕೇಳ್ತಾರೆ. ಅದು ಯಾವ ಸ್ಮೃತಿ, ಹಫ್ಸಕ್ಕ?"

"ಅದು ಇದರಲ್ಲಿ ಬರೆದಿಲ್ಲ" ಎಂದು ಹಫ್ಸ ಗಂಭೀರವಾಗಿ ಹಾಳೆ ತಿರುಗಿಸಿದಳು. "ಬಾಲ್ಯದ ಮರೆವು ಎಂದರೇನು? ಶಬ್ನಾ, ನೀನು ಹೇಳು."

ಶಬ್ನಾ ಕಣ್ಣು ಮುಚ್ಚಿಕೊಂಡಳು. "ಮನುಷ್ಯನಿಗೆ ಸುಮಾರು ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನ ಘಟನೆಗಳು ದೊಡ್ಡವನಾದ ಮೇಲೆ ನೆನಪಿರುವುದಿಲ್ಲ. ಹೌದು ಮಾರಾಯ್ತಿ, ನನಗೆ ಒಂದೂ ನೆನಪಿಲ್ಲ. ನರಿಕೊಂಬಿನಲ್ಲಿ ಅಜ್ಜಿಯೊಟ್ಟಿಗೆ ಇದ್ದೆ ಅಂತ ಉಮ್ಮ ಹೇಳಿ ಗೊತ್ತಷ್ಟೆ. ಅಜ್ಜಿಯ ಮುಖವೂ ಫೋಟೋದಲ್ಲಿ ನೋಡಿದ್ದೇ."

ಹಫ್ಸಳ ಬೆರಳು ಆ ಸಾಲಿನ ಮೇಲೆಯೇ ನಿಂತಿತ್ತು. ಮೂರೂವರೆ ವರ್ಷ. ಬರೆದವರು ಅಳೆದು ಇಟ್ಟ ಹಾಗೆ ಇತ್ತು.

ಶಬ್ನಾಳ ಅಜ್ಜಿ ಆಗ ಹಾಸಿಗೆ ಹಿಡಿದಿದ್ದರು. ಮಗುವಿಗೆ ನಲವತ್ತು ದಿನ ತುಂಬುತ್ತಲೇ ತಾಯಿ ಖದೀಜ ಸೌದಿಯ ಆಸ್ಪತ್ರೆಯ ನರ್ಸ್ ಕೆಲಸಕ್ಕೆ ಮರಳಬೇಕಾಯಿತು. ಗಂಡ ಬಿಟ್ಟುಹೋಗಿ, ಮಕ್ಕಳಿಲ್ಲದೆ ಪಕ್ಕದ ಮನೆಯಲ್ಲಿದ್ದ ಹಫ್ಸಳ ಮಡಿಲಿಗೆ ಮಗುವನ್ನು ಹಾಕಿ ಹೋದಳು. ಎದೆಹಾಲು ಕೊಟ್ಟಿದ್ದರೆ ಧರ್ಮದ ಪ್ರಕಾರವೇ ಹಾಲಿನ ತಾಯಿ ಎನಿಸಿಕೊಳ್ಳುತ್ತಿದ್ದಳು, ಯಾರೂ ಅದನ್ನು ಮುಚ್ಚಿಡುವ ಹಾಗಿರಲಿಲ್ಲ. ಹಫ್ಸ ಕೊಟ್ಟದ್ದು ಡಬ್ಬದ ಪುಡಿಹಾಲು. ಅದಕ್ಕೆ ಸಂಬಂಧದ ಹೆಸರಿಲ್ಲ. ಬಾಟಲಿಯ ಒಂದು ಹನಿಯನ್ನು ಮಣಿಕಟ್ಟಿಗೆ ಬಿಟ್ಟು, ಬಿಸಿ ನೋಡಿ, ಆಮೇಲೆ ಬಾಯಿಗೆ. ದಿನಕ್ಕೆ ಏಳು ಸಲ.

ಮೂರೂವರೆ ತುಂಬುವಾಗ ಖದೀಜ ಬಂದು ಮಗುವನ್ನು ಸೌದಿಗೆ ಕರೆದುಕೊಂಡು ಹೋದಳು. ಆಮೇಲೆ ಅವಳ ಫೋನು ಬಂದಿತ್ತು. ಮಗು ಹದಿನೈದು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ, ತನ್ನ ಹತ್ತಿರ ಬರುತ್ತಿಲ್ಲ, ನಿನ್ನನ್ನೇ ಕೇಳುತ್ತದೆ. "ನೀನು ಇನ್ನು ಫೋನಿಗೆ ಬರಬೇಡ ಹಫ್ಸ. ಅವಳು ಮರೆಯಲಿ. ಅಜ್ಜಿ ಸಾಕಿದ್ದು ಅಂತಲೇ ಹೇಳ್ತೇನೆ. ನೀನು ಯಾವತ್ತೂ ಹೇಳಬಾರದು." ಹಫ್ಸ ಆಗಲಿ ಎಂದಿದ್ದಳು. ಎರಡು ವರ್ಷದ ಹಿಂದೆ ಹಾಸ್ಟೆಲಿನ ರಿಜಿಸ್ಟರಿನಲ್ಲಿ ಶಬ್ನಾ, ತಂದೆ ಇರ್ಷಾದ್, ನರಿಕೊಂಬು ಎಂದು ಓದಿದ ದಿನದಿಂದ ಕೊಟ್ಟ ಮಾತನ್ನು ಉಳಿಸಿಕೊಂಡೇ ಬಡಿಸುತ್ತಿದ್ದಾಳೆ. ಪ್ರೀತಿ ತೋರಿ ಒಂದು ದಿನ ಗುಟ್ಟು ಹೊರಬಿದ್ದರೆ ಎಂಬ ಹೆದರಿಕೆಯಲ್ಲಿ ಉಳಿದವರಿಗೆ ಎರಡು ಮೀನು ಹಾಕಿದರೆ ಶಬ್ನಾಳಿಗೂ ಎರಡೇ ಹಾಕುತ್ತಾಳೆ.

"ಹಫ್ಸಕ್ಕ, ನಿದ್ರೆಯಾ? ಬಾಂಧವ್ಯ ಕೇಳಿ" ಎಂದಳು ವಿಸ್ಮಿತಾ.

"ಶಿಶುವಿನ ಬಾಂಧವ್ಯ ಯಾರೊಂದಿಗೆ ಬೆಳೆಯುತ್ತದೆ?"

"ಹೆತ್ತವರೇ ಆಗಬೇಕೆಂದಿಲ್ಲ. ಅತ್ತಾಗ ಬಂದು ಎತ್ತಿಕೊಳ್ಳುವವರೊಂದಿಗೆ. ಸ್ವಂತ ಉದಾಹರಣೆಯೊಂದಿಗೆ ವಿವರಿಸಿ, ಹತ್ತು ಅಂಕ." ವಿಸ್ಮಿತಾ ಗೆಳತಿಯ ಭುಜ ತಿವಿದಳು. "ನಿನ್ನದು ಎಂತ ಬರೀತಿ?"

ಶಬ್ನಾ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಳು. "ಉಮ್ಮನೊಟ್ಟಿಗೆ ನನ್ನದು 'ತಪ್ಪಿಸಿಕೊಳ್ಳುವ ಬಾಂಧವ್ಯ' ಅಂತ ಬರೆಯಬೇಕಷ್ಟೆ. ಅವರು ಹತ್ತಿರ ಬಂದರೆ ನನಗೆ ದೂರ ಕೂರುವ ಅನಿಸ್ತದೆ. ಚಿಕ್ಕದಿರುವಾಗಲೂ ಹಾಗೆಯೇ ಇದ್ದೆನಂತೆ. ಅವರದ್ದೇನೂ ತಪ್ಪಿಲ್ಲ. ನನ್ನಲ್ಲೇ ಏನೋ ಕಡಿಮೆ ಉಂಟು."

ಹಫ್ಸ ಬಾಯಿ ತೆರೆದಳು. ನಿನ್ನಲ್ಲಿ ಏನೂ ಕಡಿಮೆಯಿಲ್ಲ ಎಂಬ ಮಾತು ನಾಲಿಗೆಯ ಮೇಲೆಯೇ ಇತ್ತು. ಅದನ್ನು ಹೇಳಿದರೆ ಹೇಗೆ ಗೊತ್ತು ಎಂದು ಹುಡುಗಿ ಕೇಳುತ್ತಾಳೆ.

"ನೀರು ಕುದಿಯಿತು" ಎಂದು ಎದ್ದು ಅಕ್ಕಿ ಹಾಕಲು ಹೋದಳು.

ಆಗಲೇ ಗೇಟಿನಲ್ಲಿ ಕಾರು ನಿಂತಿತು. ರಜೆಗೆ ಊರಿಗೆ ಬಂದಿದ್ದ ಖದೀಜ, ಮಗಳಿಗೆಂದು ಖರ್ಜೂರದ ಡಬ್ಬ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದವಳು, ಒಲೆಯ ಬದಿಯ ಹೆಂಗಸನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಶಬ್ನಾ ಎದ್ದು ಸಲಾಂ ಹೇಳಿದಳು. ತಾಯಿ ಕೆನ್ನೆ ಮುಟ್ಟಲು ಬಂದಾಗ ಅವಳ ಕತ್ತು ತಾನಾಗಿ ಒಂದು ಚೂರು ಹಿಂದೆ ಸರಿಯಿತು.

"ನೀವಿಬ್ಬರು ಮೇಲೆ ಹೋಗಿ ಓದಿ. ನಾನು ಒಂದು ಚಾ ಕುಡಿದು ಬರ್ತೇನೆ" ಎಂದಳು ಖದೀಜ.

ಹುಡುಗಿಯರು ಮೆಟ್ಟಿಲು ಹತ್ತಿದ ಮೇಲೆ ಹಫ್ಸ ಚಾಕ್ಕೆ ನೀರಿಟ್ಟಳು.

"ನೀನು ಇಲ್ಲಿದ್ದೀ ಅಂತ ಗೊತ್ತಿದ್ದರೆ..."

"ಸೇರಿಸ್ತಿರಲಿಲ್ಲ. ಗೊತ್ತು" ಎಂದಳು ಹಫ್ಸ. "ನಾನು ಹೇಳಲಿಲ್ಲ ಖದೀಜ. ಎರಡು ವರ್ಷ ಆಯಿತು, ಒಂದು ಮಾತು ಹೇಳಲಿಲ್ಲ."

ಖದೀಜ ಸ್ಟೂಲು ಎಳೆದು ಕೂತಳು. "ಅಲ್ಲಾಹು ನಿನಗೆ ಒಳ್ಳೇದು ಮಾಡಲಿ."

"ಆದರೆ ಒಂದು ಉಂಟು. ತನ್ನಲ್ಲೇ ಏನೋ ಕೊರತೆ, ಅದಕ್ಕೇ ಉಮ್ಮ ಹತ್ತಿರವಾಗುವುದಿಲ್ಲ ಅಂತ ತಿಳಿದುಕೊಂಡಿದ್ದಾಳೆ. ಈಗ ಇಲ್ಲೇ ಹೇಳಿದಳು. ಅದು ಸುಳ್ಳು ಅಂತ ನಿನಗೂ ಗೊತ್ತು, ನನಗೂ ಗೊತ್ತು. ನನಗೆ ಹೇಳಲಿಕ್ಕಿಲ್ಲ. ನೀನು ಹೇಳು."

ಖದೀಜ ತಲೆಯ ಶಾಲನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಆಗ ನನಗೆ ಬೇರೆ ದಾರಿ ಕಾಣಲಿಲ್ಲ ಹಫ್ಸ. ನನ್ನ ಮಗು ನನ್ನನ್ನು ನೋಡಿ ಕಿರುಚ್ತಿತ್ತು."

"ಯಾಕೆ ಅಂತ ನಾನು ಕೇಳಲಿಲ್ಲವಲ್ಲ."

"ಪರೀಕ್ಷೆ ಮುಗಿಯಲಿ. ಹೇಳ್ತೇನೆ."

ಹೇಳುತ್ತಾಳೋ ಇಲ್ಲವೋ ಹಫ್ಸಳಿಗೆ ತಿಳಿಯಲಿಲ್ಲ. ಮತ್ತೆ ಕೇಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಅವಳು ಚಾ ಸೋಸಿದಳು, ಒಂದು ಹನಿ ಮಣಿಕಟ್ಟಿಗೆ ಬಿಟ್ಟಳು, ಲೋಟ ಕೊಟ್ಟಳು. ಖದೀಜ ನರ್ಸು. ಆ ಹನಿಯನ್ನು ನೋಡಿದವಳು ಲೋಟವನ್ನು ಕುಡಿಯದೆ ಮೇಜಿನ ಮೇಲಿಟ್ಟಳು. ಆಮೇಲೆ ಅವಳ ಕಣ್ಣು ಗೋಡೆಗೆ ಹೋಯಿತು. ಅಲ್ಲಿ ಹಳೆಯ ಕ್ಯಾಲೆಂಡರಿನ ಕಾಬಾದ ಚಿತ್ರವಿತ್ತು. ತಿಂಗಳುಗಳೆಲ್ಲ ಹರಿದುಹೋಗಿ ಚಿತ್ರ ಮಾತ್ರ ಉಳಿದಿತ್ತು, ಎಣ್ಣೆಹೊಗೆಯನ್ನು ಹಫ್ಸ ಪ್ರತಿ ಶುಕ್ರವಾರ ಒರೆಸುತ್ತಿದ್ದಳು.

"ನಮ್ಮ ತೋಡಿನ ಬದಿಯಲ್ಲಿ ಬಟ್ಟೆ ಒಗೆಯುವಾಗಲೂ ನೀನು ಮಕ್ಕಾಕ್ಕೆ ಹೋಗಬೇಕು ಅಂತಲೇ ಹೇಳ್ತಿದ್ದದ್ದು" ಎಂದಳು ಖದೀಜ. "ಬರುವ ರಜಬ್‌ ತಿಂಗಳಲ್ಲಿ ಉಮ್ರಾ ಯಾತ್ರೆಗೆ ಬಾ ಹಫ್ಸ. ವೀಸಾ, ಟಿಕೆಟು, ಉಳಿಯುವುದು, ಎಲ್ಲ ನಾವು ನೋಡಿಕೊಳ್ತೇವೆ. ಇಲ್ಲ ಅನ್ನಬೇಡ."

ಹಫ್ಸ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು. ಪ್ರತಿ ನಮಾಜಿನ ಕೊನೆಗೆ ಅವಳು ಕೈಯೆತ್ತಿ ಬೇಡುವುದು ಇದೊಂದನ್ನೇ. ಅವಳು ಚಿತ್ರವನ್ನು ನೋಡಿದಳು. ಮೇಲೆ ಶಬ್ನಾ ಬಾಲ್ಯದ ಮರೆವನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದದ್ದು ಕೇಳಿಸುತ್ತಿತ್ತು.

"ಬೇಡ ಖದೀಜ."

"ಯಾಕೆ? ನಿನಗೆ ಆಸೆ ಇಲ್ವಾ?"

"ಆಸೆ ಉಂಟು. ಆದರೆ ಹೇಳುವುದಿಲ್ಲ ಎಂಬ ಮಾತು ನಾನು ನಿನಗೆ ಬೆಲೆ ಕೇಳದೆ ಕೊಟ್ಟದ್ದು. ಇದನ್ನು ತೆಗೆದುಕೊಂಡರೆ ಅಲ್ಲಿ ಹೋಗಿ ನಿಂತಾಗ ನನಗೆ ಇದೇ ನೆನಪಾಗ್ತದೆ." ಅವಳು ಸೆರಗಿನಿಂದ ಪಾತ್ರೆಯ ಕಿವಿ ಹಿಡಿದಳು. "ಅಲ್ಲಾಹು ಕರೆದಾಗ ಹೋಗ್ತೇನೆ. ನೀನು ಚಾ ಕುಡಿ. ನನಗೆ ಅನ್ನ ಬಸಿಯಲಿಕ್ಕುಂಟು."