ಹೆಬ್ಬಾಳದಲ್ಲಿ ಸಿಕ್ಕಿಕೊಂಡ ನರಕೋಶಗಳು

ಅವರೆಕಾಯಿ ಕೊಳ್ಳುವಾಗ ನನ್ನಮ್ಮ ರೇಟು ಕೇಳುವುದು ಆಮೇಲೆ, ಮೊದಲು ಮೂಸುತ್ತಾಳೆ. ಒಂದು ಕಾಯಿ ಎತ್ತಿ, ಸಿಪ್ಪೆಯನ್ನು ಹೆಬ್ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು, "ಸೊಗಡಿಲ್ಲ" ಎಂದು ರಾಶಿಗೆ ವಾಪಸ್ ಎಸೆದರೆ ಮುಗಿಯಿತು, ಆ ಗಾಡಿಯವನಿಗೆ ಅವತ್ತು ನಮ್ಮ ಬೀದಿಯ ವ್ಯಾಪಾರವಿಲ್ಲ. ಕೋಗಿಲಿನಲ್ಲಿ ನಮ್ಮ ಅವರೆ ಹೊಲ ಲೇಔಟಾಗಿ ಎಷ್ಟೋ ಕಾಲವಾಯಿತು. ಅಮ್ಮನ ಮೂಗು ಮಾತ್ರ ಇನ್ನೂ ಹೊಲದಲ್ಲೇ ಇತ್ತು. ಚಳಿಗಾಲ ಬಂತೆಂದರೆ ಅಕ್ಕಪಕ್ಕದ ಹೆಂಗಸರು ಅವಳನ್ನು ಮುಂದಿಟ್ಟುಕೊಂಡೇ ಯಲಹಂಕದ ಮಾರ್ಕೆಟ್ಟಿಗೆ ಹೊರಡುತ್ತಿದ್ದರು.

ಆ ಮೂಗು ಒಂದು ಜ್ವರದ ನಂತರ ಕೈಕೊಟ್ಟಿತು. ಅಮ್ಮ ಯಾರಿಗೂ ಹೇಳಲಿಲ್ಲ. ಎಂದಿನ ಠೀವಿಯಲ್ಲೇ ಮೂಸಿ, ತಲೆಯಾಡಿಸಿ, ಐದು ಕೆಜಿ ಆರಿಸಿ ತಂದಳು. ಮನೆಮಂದಿಯೆಲ್ಲ ಕೂತು ಕಾಳು ಹಿಸುಕಿದೆವು, ಸಾರಾಯಿತು. ಊಟಕ್ಕೆ ಬಂದಿದ್ದ ದಾಸರಹಳ್ಳಿಯ ಚಿಕ್ಕಮ್ಮ ಒಂದು ತುತ್ತು ಬಾಯಿಗಿಟ್ಟು, "ಅಕ್ಕ, ಕಾಯಲ್ಲಿ ಸೊಗಡೇ ಇಲ್ವಲ್ಲ" ಎಂದಳು. ಅಮ್ಮ ಎದ್ದು ಹಿಂದಿನ ಬಾಗಿಲಿಗೆ ಹೋಗಿ ನಿಂತಳು. ನಾನು ಹಿಂದೆಯೇ ಹೋದೆ.

"ಏನೂ ತಿಳೀತಿಲ್ಲ ಕಣವ್ವ. ಮೂಗು ಸತ್ತೋಗೈತೆ."

ಅವಳ ಮುಖ ನೋಡಲಾಗಲಿಲ್ಲ. ಸುಮ್ಮನಿದ್ದಿದ್ದರೆ ಆಗುತ್ತಿತ್ತು, ಬಾಯಿಬಿಟ್ಟೆ. ನನ್ನ ಕೆಲಸ ಒಂದು ಲ್ಯಾಬಿನಲ್ಲಿ, ದಿನವಿಡೀ ಮೈಕ್ರೋಸ್ಕೋಪಿನ ಮುಂದೆ ಕೂತು ಇಲಿಯ ಮಿದುಳು ನೋಡುವುದು. ಪೂರ್ತಿ ಬೆಳೆದ ಇಲಿಯ ಮಿದುಳಿನಲ್ಲೂ ಹೊಸ ನರಕೋಶಗಳು ಹುಟ್ಟುತ್ತವೆ. ಹುಟ್ಟಿದಲ್ಲೇ ಕೂರುವುದಿಲ್ಲ; ಒಂದರ ಬೆನ್ನಿಗೊಂದು ಸಾಲುಗಟ್ಟಿ, ವಾಸನೆ ತಿಳಿಯುವ ಮುಂದಿನ ಭಾಗಕ್ಕೆ ಪಯಣ ಹೊರಡುತ್ತವೆ. ಅವು ಸಾಗುವ ಚಂದವೇ ಬೇರೆ. ಮೊದಲು ತೆಳ್ಳನೆಯ ಎಳೆಯೊಂದನ್ನು ಮುಂದೆ ಚಾಚುತ್ತವೆ, ಆಮೇಲೆ ಮೈ ಎಳೆದುಕೊಳ್ಳುತ್ತವೆ, ನಿಂತು ಸುಧಾರಿಸಿಕೊಂಡು ಮತ್ತೆ ಎಳೆ ಚಾಚುತ್ತವೆ. ರಶ್ಶಾದ ಬಸ್ಸಿನಲ್ಲಿ ಅಮ್ಮ ಮೊದಲು ಕೈ ಚಾಚಿ ಕಂಬಿ ಹಿಡಿದು, ಆಮೇಲೆ ಮೈ ತೂರಿಸುವುದೂ ಹೀಗೆಯೇ. ಇದನ್ನೆಲ್ಲ ಹೇಳಿ, "ನಿನಗೂ ಹೊಸವು ಬರ್ತಾ ಇರ್ತವೆ ಬಿಡಮ್ಮ" ಎಂದೆ. ಮನುಷ್ಯರಲ್ಲಿ ಇದು ನಡೆಯುತ್ತದೋ ಇಲ್ಲವೋ ಎಂದು ಬಲ್ಲವರೇ ಇನ್ನೂ ಜಗಳವಾಡುತ್ತಿದ್ದಾರೆ ಎಂಬುದನ್ನು ಮಾತ್ರ ನುಂಗಿಕೊಂಡೆ.

ಡಾಕ್ಟರಿಗೆ ತೋರಿಸಿದೆವು. ಮೂಗನ್ನು ಮತ್ತೆ ಪಳಗಿಸಲು ಅವರು ಹೇಳಿದಂತೆ ಅಮ್ಮ ದಿನಕ್ಕೆರಡು ಸಲ ಕಾಫಿಪುಡಿ, ಲವಂಗ, ನಿಂಬೆಸಿಪ್ಪೆ ಮೂಸತೊಡಗಿದಳು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಆ ಹೊಸ ನರಕೋಶಗಳ ಬಗ್ಗೆ ಪ್ರಶ್ನೆ ಬರುತ್ತಿತ್ತು.

"ಎಲ್ಲಿಗಂಟ ಬಂದವೆ?"

"ಗಂಗಾನಗರ ದಾಟಿದಾವೆ. ಹೆಬ್ಬಾಳ ಫ್ಲೈಓವರ್ ಹತ್ರ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡಿದಾವೆ," ಎಂದು ನಾನು ಮನೆಗೆ ಬರುವ ಬಸ್ಸಿನ ದಾರಿಯನ್ನೇ ಹೇಳುತ್ತಿದ್ದೆ.

"ಅಂಗಾದ್ರೆ ಇವತ್ತು ಬರಲ್ಲ ಬಿಡು."

ತಿಂಗಳುಗಟ್ಟಲೆ ಹೀಗೆ ನಗುತ್ತಲೇ ಕಳೆದೆವು. ಮೂಗು ಮಾತ್ರ ಹಾಗೇ ಇತ್ತು. ಮತ್ತೆ ಇಬ್ಬನಿ ಬಿತ್ತು, ಅವರೆ ಬಂತು. ಅಮ್ಮ ಬೀದಿಯವರಿಗೆಲ್ಲ "ಈ ಸಲ ನಾನೇ ಆರಿಸ್ತೀನಿ" ಎಂದು ಮಾತು ಕೊಟ್ಟಿದ್ದಾಳೆಂದು ಗೊತ್ತಾದಾಗ ನನಗೆ ಹೆದರಿಕೆಯಾಯಿತು. ಎಲ್ಲರೆದುರು ಮತ್ತೆ ಅವಳ ಮರ್ಯಾದೆ ಹೋಗುವುದು ನನ್ನಿಂದಲೇ. ಬೆಳಿಗ್ಗೆ ಕಾಫಿ ಕುಡಿಯುವಾಗ ಇಲಿಯ ವಿಷಯ ಬೇರೆ, ನಮ್ಮ ವಿಷಯ ಯಾರಿಗೂ ಖಾತ್ರಿಯಿಲ್ಲ ಎಂದು ಒಪ್ಪಿಕೊಂಡೆ.

ಅಮ್ಮ ಲೋಟ ಕೆಳಗಿಟ್ಟಳು. "ಅಂಗಾದ್ರೆ ಇಷ್ಟ್ ದಿನ ಎಬ್ಬಾಳದಲ್ಲಿ ನಿಂತಿದ್ದಿದ್ದು ಯಾರು?"

ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಮಾರ್ಕೆಟ್ಟಿಗೆ ಬರುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಬ್ಯಾಗು ಹಿಡಿದು ನನಗಿಂತ ಮೊದಲು ಹೊರಟಳು. ರಾಶಿಯ ಮುಂದೆ, ಆ ಹೆಂಗಸರೆಲ್ಲ ಸುತ್ತ ನಿಂತಿರುವಾಗ, ಒಂದು ಕಾಯಿ ಎತ್ತಿ ನನ್ನ ಕೈಗಿಟ್ಟು, "ನನ್ ಮೂಗು ಓಗೈತೆ. ಇವ್ಳು ಮೂಸ್ತಾಳೆ" ಎಂದಳು. ಅಷ್ಟು ಸಲೀಸಾಗಿ. ನಾನು ಇಷ್ಟು ವರ್ಷ ಬರೀ ಬ್ಯಾಗು ಹಿಡಿದು ನಿಂತವಳು.

"ಇಂಗಲ್ಲ, ಉಜ್ಜಿ ಮೂಸು," ಎಂದು ಗದರಿದಳು. ಎರಡು ರಾಶಿ ಬೇಡವೆಂದೆ, ಮೂರನೆಯದಕ್ಕೆ ತಲೆಯಾಡಿಸಿದೆ. ಹೆಂಗಸರು ನನ್ನ ಮುಖವನ್ನೂ ಅವಳ ಮುಖವನ್ನೂ ನೋಡಿ ಚೀಲ ಬಿಚ್ಚಿದರು.

ಮನೆಗೆ ಬಂದು ಕಾಯಿ ಸುಲಿಯುತ್ತ ಕೂತೆವು. ಅರ್ಧ ಮೊರ ತುಂಬುವಷ್ಟರಲ್ಲಿ ಅಮ್ಮ ಮುಖ ಕಿವುಚಿದಳು.

"ಸೀಮೆಎಣ್ಣೆ ಯಾರು ಚೆಲ್ಲಿದ್ದು?"

ನಮ್ಮ ಮನೆಯಲ್ಲಿ ಸೀಮೆಎಣ್ಣೆ ಕಂಡು ಯಾವ ಕಾಲವಾಯಿತೋ. ಅವಳ ಅಂಟುಬೆರಳನ್ನು ಹಿಡಿದು ಮೂಸಿದೆ. ಬರೀ ಸೊಗಡು. ಮಿದುಳಿನ ನಡುವಿನಿಂದ ಯಾರಾದರೂ ಬಂದಿದ್ದರೋ, ಮೂಗಿನಲ್ಲೇ ಹೊಸದೇನಾದರೂ ಹುಟ್ಟಿತ್ತೋ ನನಗೆ ಗೊತ್ತಿಲ್ಲ. ಒಂದು ವರ್ಷದಿಂದ ಏನೂ ತಿಳಿಯದಿದ್ದ ಮೂಗಿಗೆ, ತಪ್ಪಾಗಿಯಾದರೂ, ಏನೋ ತಿಳಿದಿತ್ತು.

"ಸೀಮೆಎಣ್ಣೆ ಅಲ್ಲಮ್ಮ, ಅವರೆ" ಎಂದೆ.

ಅಮ್ಮ ಬೆರಳನ್ನು ಮತ್ತೆ ಮೂಸಿದಳು, ಮತ್ತೆ ಮುಖ ಕಿವುಚಿದಳು, ನಕ್ಕಳು.

"ಬಂದವೆ ಕಣವ್ವ. ಪಕ್ಕದ್ಮನೆ ಬಾಗ್ಲು ತಟ್ತಾ ಅವೆ, ಅಷ್ಟೇ."