ಕಿತ್ತು ಕೊಟ್ಟ ಡೇಲಿಯಾ

ಹೂವಿನ ಫೋಟೋ ತೆಗೆಯಲು ನಾನು ಹೋಗಿದ್ದ ಸಂಗೊಳ್ಳಿಯ ಗಂಗವ್ವನವರ ಹಿತ್ತಲಿನಲ್ಲಿ ಚೆಂಡುಹೂವು, ಸೇವಂತಿಗೆ ಬೇಕಾದಷ್ಟಿದ್ದವು. ಕೆಂಪು ಡೇಲಿಯಾ ಮಾತ್ರ ಒಂದೇ ಒಂದು ಅರಳಿತ್ತು. ನನ್ನ ಕಣ್ಣೆಲ್ಲ ಅದರ ಮೇಲೆ. ವೈಡ್ ಆ್ಯಂಗಲ್ ಲೆನ್ಸನ್ನು ಹೂವಿಗೆ ತಾಗುವಷ್ಟು ಹತ್ತಿರ ಒಯ್ದರೆ ಹೂವು ದೊಡ್ಡದಾಗಿ ಕಾಣುತ್ತದೆ, ಹಿಂದೆ ಮನೆ, ಆಕಾಶ ಎಲ್ಲ ಬರುತ್ತವೆ. ಅದಕ್ಕೇ ಕೆಸರಿನಲ್ಲಿ ಬೋರಲು ಮಲಗಿ ಕ್ಯಾಮೆರಾ ಹೊಂದಿಸುತ್ತಿದ್ದೆ.

ನನ್ನ ಒದ್ದಾಟ ನೋಡಿ ಗಂಗವ್ವನವರಿಗೆ ಪಾಪ ಅನಿಸಿರಬೇಕು.

"ಅಯ್ಯ, ಅರಿವಿ ಎಲ್ಲಾ ರಾಡಿ ಆತಲ್ರಿ! ಏಳ್ರಿ ಮ್ಯಾಲ" ಎಂದವರೇ ಹೂವನ್ನು ಚಟ್ಟನೆ ಕಿತ್ತು ನನ್ನ ಕೈಗಿಟ್ಟರು. "ಈಗ ಕುರ್ಚಿ ಮ್ಯಾಲ ಕುಂತು ಆರಾಮ ಫೋಟೋ ತಗೀರಿ."

ಹೂವು ಹಿಡಿದು ಕೆಸರಿನಿಂದ ಎದ್ದೆ. "ಅದು ಗಿಡದಾಗ ಇರಬೇಕಿತ್ರಿ" ಎಂದೆ.

ಅವರ ಮುಖ ಸಪ್ಪಗಾಯಿತು. "ಹೌದೇನ್ರಿ? ಈ ಗಿಡದ ಮೊದಲನೇ ಹೂವದು. ಸಂಜೀಕ ನಮ್ಮ ತಂಗಿ ಬರಾಕತ್ತಾಳ, ಆಕಿಗೆ ತೋರಸಬೇಕಂತ ಬಿಟ್ಟಿದ್ನಿ. ಇರಲಿ ಬಿಡ್ರಿ."

ಫೋಟೋ ತೆಗೆಯಲು ಮನಸ್ಸಾಗಲಿಲ್ಲ. ಹೂವನ್ನು ಒಂದು ಲೋಟ ನೀರಿನಲ್ಲಿಟ್ಟು, ತಂಗಿಯ ಕಣ್ಣಿಗೆ ಬೀಳುವಂತೆ ಪಡಸಾಲೆಯಲ್ಲಿರಿಸಿ ಬಂದೆ.

ಈಗ ಯಾರ ಹಿತ್ತಲಿಗೆ ಹೋದರೂ ಕ್ಯಾಮೆರಾ ತೆಗೆಯುವ ಮೊದಲೇ "ಹೂವು ಕೀಳಬ್ಯಾಡ್ರಿ" ಎಂದುಬಿಡುತ್ತೇನೆ. ನಮ್ಮದೇ ಹಿತ್ತಲಿನಲ್ಲಿ ನಮಗೇ ಹೇಳಲು ಇವನ್ಯಾರು ಎಂಬಂತೆ ಅವರು ನನ್ನನ್ನು ನೋಡುತ್ತಾರೆ.